ಮೇಲಿನ ಮನೆಯ ತೂಕ

ನನ್ನ ಚಾವಣಿ ಬಿರುಕು ಬಿಟ್ಟದ್ದು ಫೆಬ್ರವರಿಯಲ್ಲಿ.
ಮೊದಲು ಕೂದಲೆಳೆ. ಈಸ್ಟರ್ ಹೊತ್ತಿಗೆ
ಉಗುರು ತೂರುವಷ್ಟು.
ಮೇಲೆ ಲಾಮಾರಾ, ಅವಳ ಜೊತೆ ಐದು ಸಾವಿರ ಪುಸ್ತಕ.
ತ್ಬಿಲಿಸಿಯ ಹಳೇ ಕಟ್ಟಡ ನಮ್ಮದು, ಮರದ ತೊಲೆ;
ಓದು ಒಕ್ಕಾಲು, ತೂಕ ಮುಕ್ಕಾಲು.
ಮೆಟ್ಟಿಲು ಹತ್ತಿ ಹೇಳಿಯೇಬಿಟ್ಟೆ:
'ಒಂದು ದಿನ ನಿಮ್ಮ ವಿಶ್ವಕೋಶ
ನನ್ನ ಸೂಪಿನ ತಟ್ಟೆಗೆ ಬೀಳುತ್ತದೆ.'

ಅವಳು ವಾದಿಸಲಿಲ್ಲ. ಅದೇ ನನಗೆ ಕಸಿವಿಸಿ.
ಕನ್ನಡಕ ಒರೆಸಿಕೊಂಡು, 'ಎಷ್ಟು ಕಿಲೋ ಇಳಿಸಬೇಕು?' ಅಂದಳು,
ವೈದ್ಯರನ್ನು ಕೇಳುವ ಹಾಗೆ.
ನನಗೇನು ಗೊತ್ತು? ಮೂವತ್ತು ವರ್ಷ
ನೆಲದಡಿ ಮೆಟ್ರೋ ಓಡಿಸಿದವನು.
ಬಾಯಿಗೆ ಬಂದದ್ದು ಹೇಳಿದೆ: 'ಒಂದು ಟನ್.'

ಭಾನುವಾರ ಭಾನುವಾರ ಇಳಿಸಿದೆವು.
ಅವಳು ಸ್ಟೂಲಿನ ಮೇಲೆ, ನಾನು ಕೆಳಗೆ,
ನಡುವೆ ಮೈತೂಕ ನೋಡುವ ಯಂತ್ರ.
ನಲವತ್ತು ವರ್ಷ ಅಚ್ಚಿನ ಮನೆಯಲ್ಲಿ ಕರಡು ತಿದ್ದಿದವಳು;
ಮನೆಗೆ ತಂದದ್ದನ್ನೂ ಸುಮ್ಮನೆ ಬಿಟ್ಟಿಲ್ಲ,
ಪುಟಪುಟಕ್ಕೂ ಪೆನ್ಸಿಲು:
ಹಾರಿಹೋದ ಅಕ್ಷರಕ್ಕೊಂದು ಗೂಡು,
ದಾರಿ ತಪ್ಪಿದ ಅಲ್ಪವಿರಾಮಕ್ಕೊಂದು ಕೊಕ್ಕೆ.
ಸೇತುವೆಯ ಬಳಿ ಹಳೇ ಪುಸ್ತಕ ಮಾರುವ ಬದ್ರಿ
ಹತ್ತು ಪುಟ ಮಗುಚಿ ತಲೆಯಾಡಿಸಿದ:
'ಗೀಚಿದ್ದನ್ನು ಯಾರೂ ಕೊಳ್ಳಲ್ಲ.'
'ಗೀಚಿದ್ದಲ್ಲ, ತಿದ್ದಿದ್ದು,' ಅಂದಳು.
ಅವನಿಗೆ ಎರಡೂ ಒಂದೇ.

ಇನ್ನುಳಿದವನು ರದ್ದಿಯವನು.
ಆಗ ನಕ್ಕಳು. ನನಗೂ ನೆನಪಿದೆ,
ಆ ಕಾಲದಲ್ಲಿ ಇಪ್ಪತ್ತು ಕಿಲೋ ರದ್ದಿ ಕೊಟ್ಟರೆ
ಒಂದು ಚೀಟಿ; ಚೀಟಿ ಕೊಟ್ಟರೆ
ಅಂಗಡಿಯಲ್ಲಿ ಸಿಗದ ಒಂದು ಕಾದಂಬರಿ.
ಕಾಗದ ಸಾಲದೆ ಬಂದರೆ ಗಂಡ ರೆವಾಜ್
ಕಟ್ಟಿನ ನಡುವೆ ಇಟ್ಟಿಗೆ ಸೇರಿಸಿ ತೂಗಿಸುತ್ತಿದ್ದನಂತೆ.
'ಈಗ ಕಾದಂಬರಿ ಕೊಡುತ್ತೇನೆ.
ಅವರು ಇಟ್ಟಿಗೆ ವಾಪಸು ಕೊಡಲಿ.'

ಕರೆಂಟಿಲ್ಲದ, ಗ್ಯಾಸಿಲ್ಲದ ಆ ಚಳಿಗಾಲಗಳಲ್ಲಿ
ಅವಳು ಸುಟ್ಟದ್ದು ಆರು ಕುರ್ಚಿ, ಒಂದು ತೊಟ್ಟಿಲು.
ಕೊಡಲಿ ಕೊಟ್ಟವನು ನಾನೇ.
ಪುಸ್ತಕಗಳಲ್ಲಿ ಒಲೆ ಸೇರಿದ್ದು
ನಾಯಕರ ಭಾಷಣದ ಹದಿಮೂರು ಸಂಪುಟ ಮಾತ್ರ:
'ಬೆಂಕಿಗೂ ರುಚಿಸಲಿಲ್ಲ, ಬರೀ ಹೊಗೆ.'
ತೊಟ್ಟಿಲ ಬಗ್ಗೆ ಅವಳು ಏನೂ ಹೇಳಲಿಲ್ಲ.
ನಾನೂ ಕೇಳಲಿಲ್ಲ.

ಕೈಬಿಡುವ ಮುಂಚೆ ಒಂದೊಂದನ್ನೂ ತಲೆಕೆಳಗು ಹಿಡಿದು
ಬೂಟಿನ ಮರಳಿನಂತೆ ಕೊಡವುತ್ತಿದ್ದಳು.
ಉದುರಿದ್ದು: ಟ್ರಾಮಿನ ಟಿಕೇಟು, ಬ್ರೆಡ್ಡಿನ ಕೂಪನ್ನು,
ದ್ರಾಕ್ಷಿಬಳ್ಳಿಯ ಒಣ ಎಲೆ,
ಒಂದು ಸಲ ನನ್ನದೇ ಬರಹ:
'ನಿಮ್ಮ ನೀರು ನಮ್ಮ ಮಂಚದ ಮೇಲೆ ತೊಟ್ಟಿಕ್ಕುತ್ತಿದೆ. ದಯವಿಟ್ಟು.'
ತೊಂಬತ್ತೆಂಟನೇ ಇಸವಿ.
ನಾನು ನುಂಗಿದ್ದ ಒಂದು ಅಕ್ಷರವನ್ನು
ಪೆನ್ಸಿಲಿನಲ್ಲಿ ಕೂಡಿಸಿದ್ದಳು.

ಜೂನ್ ಕೊನೆಗೆ ಗಾರೆಯ ಎಲ್ದಾರ್ ಬಂದ.
ಏಣಿ ಹತ್ತಿ, ತಟ್ಟಿ, ಮೂಸಿ, ಇಳಿದ.
'ಭಾರದ್ದಲ್ಲ ಮಾರಾಯ. ಪೈಪು.
ಹಳೇ ನೀರು, ತೊಲೆ ಒಳಗಿಂದಲೇ ಮೆತ್ತಗಾಗಿದೆ.
ಗೋಡೆಗೆ ಆತುಕೊಂಡ ಪುಸ್ತಕ
ತೊಲೆಯ ಬುಡಕ್ಕೆ ಭಾರ, ಸೊಂಟಕ್ಕಲ್ಲ.'

ಅಷ್ಟರಲ್ಲಿ ಎಂಟುನೂರ ಅರವತ್ತು ಕಿಲೋ ಹೋಗಿಯಾಗಿತ್ತು.
ಅವಳಿಗೆ ನಾನು ಹೇಳಿಲ್ಲ.
ಹೇಳಿದ್ದು ಇಷ್ಟು: 'ಸಾಕು, ಇನ್ನು ಇಳಿಸುವುದು ಬೇಡ.'
'ಇನ್ನೂ ನೂರ ನಲವತ್ತು ಬಾಕಿ,' ಅಂದಳು.
ಲೆಕ್ಕ ತಪ್ಪುವವಳಲ್ಲ.

ಈಗ ರಾತ್ರಿ ಅವಳ ಹೆಜ್ಜೆ ಕೇಳುತ್ತದೆ.
ಇಷ್ಟು ವರ್ಷ ಕಾಗದ ನುಂಗುತ್ತಿದ್ದ ಸದ್ದು
ನೇರ ಇಳಿದುಬರುತ್ತದೆ: ಅಡುಗೆಮನೆ, ಕಿಟಕಿ,
ಖಾಲಿ ಕಪಾಟಿನ ಮುಂದೆ ಉದ್ದನೆಯ ನಿಲುಗಡೆ.
ಎಣಿಸುತ್ತೇನೆ, ಹಳೇ ಚಾಳಿ,
ಕತ್ತಲಲ್ಲಿ ನಿಲ್ದಾಣ ಎಣಿಸಿದಂತೆ.

ನನ್ನ ಮಂಚದಡಿ ಮೂರು ರಟ್ಟಿನ ಪೆಟ್ಟಿಗೆ ಇವೆ.
ರದ್ದಿಗೆ ಹೋದವೆಂದು ಅವಳು ತಿಳಿದಿರುವುದು.
ನಾನು ಓದುವವನಲ್ಲ. ಒಂದನ್ನು ತೆಗೆದು
ಪೆನ್ಸಿಲಿನ ಗುರುತು ಇರುವ ಕಡೆ ಮಾತ್ರ
ಬೆರಳಿಟ್ಟು ನೋಡುತ್ತೇನೆ:
ಇಲ್ಲೊಂದು ತಪ್ಪಿತ್ತು.
ಇಲ್ಲಿ ಇನ್ನೊಂದು.